ಗುರುವಾರದ ರೊಟ್ಟಿ

ಜೂಬಲ್ ಸ್ಟಿನೆಟ್‌ಗೆ ನೆಟ್ಟಗಿರುವ ಬರಹಕ್ಕಿಂತ ತಲೆಕೆಳಗಾದ ಬರಹವನ್ನು ಓದುವುದೇ ಸಲೀಸು. ಮೂವತ್ತೆಂಟು ವರ್ಷ ಅಚ್ಚುಮೊಳೆಗಳನ್ನು ತಲೆಕೆಳಗಾಗಿಯೇ ಜೋಡಿಸಿದ ಕೈ ಅವನದು. ಕೆಂಟಕಿಯ ಗ್ರೀನ್ ನದಿಯ ಸೀಮೆಯಲ್ಲಿ, ಡ್ರೈ ಫೋರ್ಕ್ ಎಂಬ ನಮ್ಮ ಊರಿನಲ್ಲಿ, ಲಾಳ ಕಟ್ಟುವವನ ಕುಲುಮೆಗೆ ಅಂಟಿಕೊಂಡಂತಿದ್ದ ಒಂದು ಕೋಣೆಯೇ ಅವನ ಮುದ್ರಣಾಲಯ. ಅಲ್ಲಿಂದ ತಿಂಗಳಿಗೊಮ್ಮೆ ‘ಹಳೆಯ ಅಡಿಪಾಯ’ ಎಂಬ ಪತ್ರಿಕೆ ಹೊರಡುತ್ತಿತ್ತು. ಅದರಲ್ಲಿ ಬರೆಯುತ್ತಿದ್ದವರು ನಮ್ಮ ಕ್ರೈಸ್ತ ಸಭೆಯ ಹಿರಿಯರಾದ ಅಸಾಹೇಲ್ ಮರ್ಚಿಸನ್. ಅವರು ಬರೆದ ಪ್ರತಿಯೊಂದು ಅಕ್ಷರವನ್ನೂ ಮೊಳೆಯಾಗಿ ಹೆಕ್ಕಿ ಸಾಲಿಗೆ ಕೂರಿಸಿದವನು ಜೂಬಲ್.

ನಮ್ಮ ಸಭೆಯಲ್ಲಿ ಬಿಷಪ್ಪರಿರಲಿಲ್ಲ, ಬಾಯಿಪಾಠ ಮಾಡಿ ಒಪ್ಪಿಸಬೇಕಾದ ಮತಪ್ರಮಾಣವೂ ಇರಲಿಲ್ಲ. ಕರ್ತನ ಮೊದಲ ಶಿಷ್ಯರಾದ ಅಪೊಸ್ತಲರ ಕಾಲದಲ್ಲಿ ಸಭೆ ಹೇಗಿತ್ತೋ ಹಾಗೆಯೇ ಅದನ್ನು ಮತ್ತೆ ಕಟ್ಟಬೇಕು, ಶಾಸ್ತ್ರದಲ್ಲಿ ಬರೆದದ್ದನ್ನು ಮಾಡಬೇಕು, ಬರೆಯದಿದ್ದುದನ್ನು ಬಿಡಬೇಕು. ಇದೇ ನಮ್ಮವರ ಹಟ. ಮನುಷ್ಯರು ಬರೆದದ್ದಕ್ಕೆ ಸಭೆಯಲ್ಲಿ ಅಧಿಕಾರವಿಲ್ಲವೆಂದು ಎಲ್ಲರೂ ಹೇಳುತ್ತಿದ್ದರು. ಆದರೆ ಪತ್ರಿಕೆ ಬಂದ ದಿನ ಕುಲುಮೆಯ ಮುಂದೆ ಸೇರಿದ ಗಂಡಸರು, ಮರ್ಚಿಸನ್ ಏನು ಬರೆದಿದ್ದಾರೆಂದು ನೋಡಿಕೊಂಡೇ ತಮ್ಮ ತಮ್ಮ ಅಭಿಪ್ರಾಯಗಳನ್ನು ತೀರ್ಮಾನಿಸುತ್ತಿದ್ದರು.

ಜೂಬಲ್ ಮದುವೆಯಾಗಲಿಲ್ಲ. ಅವನಿಗಿಂತ ಐದು ವರ್ಷ ದೊಡ್ಡವಳಾದ ಅಕ್ಕ ಕೆಟೂರಾ ಅವನನ್ನು ಸಾಕಿದಳು. ತಾಯಿ ತೀರಿಕೊಂಡಾಗ ಅವನಿಗೆ ಆರು ವರ್ಷ. ಅವಳು ಮದುವೆಯಾಗಿ ರಸ್ತೆಯ ಕೊನೆಯ ಮನೆಗೆ ಹೋದ ಮೇಲೂ ಅವನ ಊಟ ಅಲ್ಲಿಯೇ. ಪ್ರತಿ ಶನಿವಾರ ಸಂಜೆ ಅವಳು ಹುಳಿಯಿಲ್ಲದ ಹಿಟ್ಟನ್ನು ತೆಳ್ಳಗೆ ಲಟ್ಟಿಸಿ, ಫೋರ್ಕಿನ ಮೊನೆಯಿಂದ ಸಾಲಾಗಿ ಚುಚ್ಚಿ, ಕರ್ತನು ಶಿಷ್ಯರೊಡನೆ ಮಾಡಿದ ಕೊನೆಯ ಊಟದ ನೆನಪಿಗಾಗಿ, ಕರ್ತನ ಭೋಜನಕ್ಕೆಂದು ಒಂದು ರೊಟ್ಟಿ ಸುಡುತ್ತಿದ್ದಳು. ಭಾನುವಾರ ಅದು ಮೇಜಿನ ಮೇಲಿರುತ್ತಿತ್ತು. ಸಭೆಯವರೆಲ್ಲ ಅದನ್ನೇ ಮುರಿದು ತಿನ್ನುತ್ತಿದ್ದರು. ಜೂಬಲ್ ಸ್ವರ ಹಿಡಿಯಲು ಬಳಸುವ ಉಕ್ಕಿನ ಶ್ರುತಿಕವಲನ್ನು ಬೆಂಚಿಗೆ ತಟ್ಟಿ, ಕಿವಿಗೆ ಹಿಡಿದು, ಹಾಡು ಎತ್ತುತ್ತಿದ್ದ. ವಾದ್ಯ ಇರಲಿಲ್ಲ. ಹೊಸ ಒಡಂಬಡಿಕೆಯಲ್ಲಿ ವಾದ್ಯದ ಮಾತಿಲ್ಲ, ಹಾಗಾಗಿ ನಮ್ಮಲ್ಲೂ ಇಲ್ಲ.

“ನಿಮ್ಮಪ್ಪ ಹೆಸರಿಡೋವಾಗ ಆದಿಕಾಂಡ ಓದಿರಲಿಲ್ಲ ಕಣಯ್ಯ,” ಎಂದು ಲಾಳದವನು ಅವನನ್ನು ಕಾಡುತ್ತಿದ್ದ. ಬೈಬಲಿನಲ್ಲಿ ಕಿನ್ನರಿ, ಕೊಳಲು ನುಡಿಸುವವರಿಗೆಲ್ಲ ಮೂಲಪುರುಷನ ಹೆಸರೇ ಜೂಬಲ್.

“ಓದಿದ್ರು. ಅಷ್ಟು ದೂರ ಓದಿ ನಿದ್ದೆ ಹೋದ್ರು,” ಎನ್ನುತ್ತಿದ್ದ ಜೂಬಲ್.

ಸಾವಿರದ ಎಂಟುನೂರ ತೊಂಬತ್ತಮೂರನೆಯ ಇಸವಿಯ ಶರತ್ಕಾಲದಲ್ಲಿ ಆ ತಮಾಷೆ ನಿಂತುಹೋಯಿತು. ಸಭೆಯ ಕೆಲವರು ಸೇರಿ ಕಾಲಿನಿಂದ ತುಳಿದು ನುಡಿಸುವ ಒಂದು ಆರ್ಗನ್ನನ್ನು ಲೂಯಿವಿಲ್‌ನಿಂದ ತರಿಸಿದರು. ಅವರಲ್ಲಿ ಕೆಟೂರಾಳ ಗಂಡನೂ ಒಬ್ಬ. ನುಡಿಸಲು ಕಲಿತಿದ್ದವಳು ಅವಳ ಮಗಳು ಜೆರೆಲ್ಡಾ. ಮರ್ಚಿಸನ್ ಮೂರು ಸಂಚಿಕೆಗಳಲ್ಲಿ ಅದರ ವಿರುದ್ಧ ಬರೆದರು. ಆರ್ಗನ್ ಇರುವಲ್ಲಿ ಸಹಭಾಗಿತ್ವ ಸಾಧ್ಯವಿಲ್ಲ, ಅಲ್ಲಿ ಮುರಿಯುವ ರೊಟ್ಟಿ ಕರ್ತನ ರೊಟ್ಟಿಯಲ್ಲ ಎಂದರು. ಆ ಸಾಲನ್ನು ದಪ್ಪ ಮೊಳೆಗಳಲ್ಲಿ ಜೋಡಿಸಿದವನು ಜೂಬಲ್.

ಸಭೆಯಲ್ಲಿ ಆರ್ಗನ್ ಇಟ್ಟ ಮೊದಲ ಭಾನುವಾರ ಅವನು ಶ್ರುತಿಕವಲು ತಟ್ಟುವ ಮೊದಲೇ ಆರ್ಗನ್ ಮೊಳಗಿತು. ಅವನು ಬಾಯಿ ಮುಚ್ಚಿದ. ಮರ್ಚಿಸನ್ ಎದ್ದು ಹೊರಟರು. ಹಿಂದೆ ನಲವತ್ತು ಮಂದಿ ಎದ್ದರು. ಜೂಬಲ್ ಬಾಗಿಲು ದಾಟುವಾಗ ಹಿಂದಿನಿಂದ ಅಕ್ಕನ ದನಿ ಬಂತು.

“ಜೂಬಲ್, ಎಲ್ಲಿಗೋ ಹೋಗ್ತಿದೀಯ? ರೊಟ್ಟಿ ಇನ್ನೂ ಮುರಿದಿಲ್ಲ ಕಣೋ.”

ಅವನು ತಿರುಗಿ ನೋಡಿದ. ಅವಳು ಮೇಜಿನ ಪಕ್ಕದಲ್ಲಿ ನಿಂತಿದ್ದಳು. ಎಲ್ಲರೂ ನೋಡುತ್ತಿದ್ದರು.

“ಆ ರೊಟ್ಟೀನ ನಿಮ್ಮ ತಿದಿಪೆಟ್ಟಿಗೆಗೇ ತಿನ್ಸಿ,” ಎಂದು ಆರ್ಗನ್ನಿನ ಕಡೆ ಕೈ ತೋರಿಸಿದ.

ಹದಿನಾಲ್ಕು ವರ್ಷದ ಜೆರೆಲ್ಡಾಳ ಕೈ ಆರ್ಗನ್ನಿನ ಸ್ವರದ ಮನೆಗಳ ಮೇಲೆಯೇ ನಿಂತಿತು. ಜೂಬಲ್ ಮೆಟ್ಟಿಲಿಳಿದ. ಹೊರಬಂದವರು ರಸ್ತೆಯ ಆಚೆ ಬದಿಯಲ್ಲಿ ಹಲಗೆಯ ಸಭಾಮನೆ ಕಟ್ಟಿಕೊಂಡರು. ಎರಡು ಬಾಗಿಲುಗಳೂ ಎದುರುಬದುರು. ಭಾನುವಾರ ಗಾಳಿ ಬೀಸುವ ಕಡೆ ನೋಡಿಕೊಂಡು ಒಬ್ಬರ ಹಾಡು ಇನ್ನೊಬ್ಬರಿಗೆ ಕೇಳುತ್ತಿತ್ತು. ಅಕ್ಕನ ಮನೆಯ ಊಟ ಅಂದೇ ಮುಗಿಯಿತು. ಯಾರಾದರೂ ಸತ್ತಾಗ ಸ್ಮಶಾನದಲ್ಲಿ ಇಬ್ಬರೂ ಎದುರಾದರೆ, ಪರಿಚಯದವರಂತೆ ತಲೆಯಾಡಿಸುತ್ತಿದ್ದರು.

ಎರಡು ವರ್ಷ ಕಳೆಯಿತು. ತೊಂಬತ್ತಾರರ ಫೆಬ್ರವರಿಯ ಒಂದು ಬೆಳಗ್ಗೆ ಮರ್ಚಿಸನ್ ಕೋಲೂರಿಕೊಂಡು ಮುದ್ರಣಾಲಯಕ್ಕೆ ಬಂದರು. ಎದೆಯಲ್ಲಿ ಕಫ ಗೊರಗುಟ್ಟುತ್ತಿತ್ತು. ಕೋಟಿನ ಜೇಬಿನಿಂದ ಎರಡು ಹಾಳೆ ತೆಗೆದು ಕೊಟ್ಟರು.

“ಇದು ಮಾರ್ಚ್ ಸಂಚಿಕೆಗೆ. ನಾನು ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಮೊದಲ ಪುಟದಲ್ಲಿ ಬರಬೇಕು ಜೂಬಲ್,” ಎಂದರು.

ಐದು ದಿನಗಳ ನಂತರ ಅವರು ತೀರಿಕೊಂಡರು.

ಜೂಬಲ್ ಓದಿ ಜೋಡಿಸುವವನಲ್ಲ, ಜೋಡಿಸುತ್ತ ಓದುವವನು. ಮಣ್ಣು ಮಾಡಿ ಬಂದ ಮರುದಿನ ಆ ಹಾಳೆಗಳನ್ನು ಎದುರಿಗಿಟ್ಟುಕೊಂಡು ಕೂತ. ಒಂದೊಂದೇ ಮೊಳೆ ಕೂರುತ್ತ ಹೋದಂತೆ ಮಾತು ತಿಳಿಯುತ್ತ ಹೋಯಿತು. ಆರ್ಗನ್ ಬೇಡವೆಂಬುದು ಈಗಲೂ ನನ್ನ ಮನಸ್ಸು, ಎಂದು ಮುದುಕರು ಬರೆದಿದ್ದರು. ಆದರೆ ಅದನ್ನು ಕರ್ತನ ಮೇಜಿಗೆ ಬೇಲಿಯಾಗಿ ಮಾಡಿದ್ದು ನನ್ನ ಪಾಪ. ಶಾಸ್ತ್ರ ಹಾಕದ ಬೇಲಿಯನ್ನು ನಾನು ಹಾಕಿದೆ. ಆತನು ಕರೆದವರನ್ನು ನಾನು ಹೊರಗೆ ನಿಲ್ಲಿಸಿದೆ. ನನ್ನ ಹಿಂದೆ ಎದ್ದು ಬಂದವರು ರಸ್ತೆ ದಾಟಿ ಹೋಗಿ, ಅವರ ಜೊತೆ ರೊಟ್ಟಿ ಮುರಿಯಬೇಕೆಂದು ಬೇಡುತ್ತೇನೆ.

ಜೋಡಣೆ ಮುಗಿಯಿತು. ಮಸಿ ಸವರಿ ಒಂದು ಕರಡಚ್ಚು ತೆಗೆದ. ಅದನ್ನು ಹಿಡಿದುಕೊಂಡು ಕಿಟಕಿಯ ಬಳಿ ಬಹಳ ಹೊತ್ತು ನಿಂತ. ಇದು ಹೊರಬಿದ್ದರೆ ಸಭೆಯ ಗತಿಯೇನು ಎಂದು ಮೊದಲು ಯೋಚಿಸಿದ. ಆಮೇಲೆ ಯೋಚನೆ ಬೇರೆ ಕಡೆ ಹೋಯಿತು. ತಾನು ಬಾಗಿಲಲ್ಲಿ ನಿಂತು ಆಡಿದ ಮಾತು ಏನಾಗುತ್ತದೆ? ಆ ಮಾತಿಗೆ ಆಧಾರವಾಗಿದ್ದ ದಪ್ಪ ಮೊಳೆಗಳ ಸಾಲನ್ನು ಬರೆದವರೇ ತೆಗೆದುಹಾಕಿದರು. ಇನ್ನು ಉಳಿದದ್ದು ಅವನ ಮಾತು ಮಾತ್ರ.

ಕೊನೆಗೆ ಅವನಿಗೊಂದು ದಾರಿ ಕಂಡಿತು. ಮರ್ಚಿಸನ್ ಎಷ್ಟೇ ದೊಡ್ಡವರಾದರೂ ಮನುಷ್ಯರು. ಮನುಷ್ಯರ ಬರಹಕ್ಕೆ ಸಭೆಯಲ್ಲಿ ಅಧಿಕಾರವಿಲ್ಲ. ಹೀಗೆಂದುಕೊಂಡು ಅವನು ಮೊಳೆಗಳನ್ನು ಬಿಚ್ಚಿ, ಒಂದೊಂದನ್ನೂ ಅದರದರ ಗೂಡಿಗೆ ಹಾಕಿದ. ಮಾರ್ಚ್ ಸಂಚಿಕೆಯ ಮೊದಲ ಪುಟದಲ್ಲಿ ಕಪ್ಪು ಚೌಕಟ್ಟಿನೊಳಗೆ ಮರ್ಚಿಸನ್ನರ ಗುಣಗಾನ ಬಂತು. ಪತ್ರಿಕೆಯ ಕೊನೆಯ ಸಂಚಿಕೆಯೂ ಅದೇ ಆಯಿತು. ಎರಡು ಹಾಳೆ ಮತ್ತು ಕರಡಚ್ಚನ್ನು ಅವನು ದೊಡ್ಡಕ್ಷರಗಳ ಪೆಟ್ಟಿಗೆಯ ತಳದಲ್ಲಿ ಮಡಿಸಿಟ್ಟ. ಆಮೇಲೆ ಹೊಗೆಸೊಪ್ಪಿನ ಹರಾಜಿನ ಪ್ರಕಟಣೆ, ಮದುವೆಯ ಕಾಗದ ಅಚ್ಚು ಹಾಕುತ್ತ ಕಾಲ ತಳ್ಳಿದ.

ಹಾಗೆ ಹದಿಮೂರು ವರ್ಷ ಕಳೆದ ಮೇಲೆ, ಸಾವಿರದ ಒಂಬೈನೂರ ಒಂಬತ್ತರ ಅಕ್ಟೋಬರಿನಲ್ಲಿ, ಲೂಸಿಯನ್ ಟಾರ್ವಾಟರ್ ಎಂಬ ಕಾಲೇಜಿನ ಉಪಾಧ್ಯಾಯರು ಊರಿಗೆ ಬಂದರು. ನಮ್ಮ ಸಭೆಗಳನ್ನು ಕಟ್ಟಿದ ಹಿರಿಯರ ಚರಿತ್ರೆಯನ್ನೂ ಅವರ ಬರಹಗಳನ್ನೂ ಕೂಡಿಸಿ ಪುಸ್ತಕ ಮಾಡುವುದು ಅವರ ಉದ್ದೇಶ. ಮಂಗಳವಾರ ಬೆಳಗ್ಗೆ ಮುದ್ರಣಾಲಯದಲ್ಲಿ ಕೂತು ಪತ್ರಿಕೆಯ ಹಳೆಯ ಸಂಪುಟಗಳನ್ನು ತಿರುವಿ ಹಾಕಿದರು.

“ಸೋದರ ಸ್ಟಿನೆಟ್, ಮರ್ಚಿಸನ್ನರು ಕೊನೇ ವಾರದಲ್ಲಿ ಏನೋ ಬರೀತಿದ್ರು ಅಂತ ಅವರ ಮಗಳು ಹೇಳಿದ್ರು. ಅದು ನಿಮ್ಮ ಹತ್ರ ಬಂತಾ?”

“ಇಲ್ಲ,” ಎಂದ ಜೂಬಲ್.

“ನಿಮ್ಮಕ್ಕನೂ ನಿಮ್ಮನ್ನೇ ಕೇಳಿ ಅಂದ್ರು. ಆ ಮುದುಕರ ಒಂದೊಂದು ಅಕ್ಷರಾನೂ ನನ್ನ ತಮ್ಮನ ಬೆರಳ ಮೇಲೇ ಹೋಗಿದೆ ಅಂದ್ರು.”

“ಅವಳನ್ನ ನೋಡಿದ್ರಾ?”

“ನಿನ್ನೆ ಹೋಗಿದ್ದೆ. ಪಾಪ, ಎದ್ದು ಕೂರೋಕೂ ಆಗಲ್ಲ. ಕಾಲು ಎರಡೂ ಊದಿಕೊಂಡಿವೆ. ಹೃದಯ ಸೋತಿದೆ, ಚಳಿಗಾಲ ಕಾಣೋದು ಕಷ್ಟ ಅಂದಿದಾರಂತೆ ಡಾಕ್ಟರು.” ಟಾರ್ವಾಟರ್ ಅವನ ಮುಖ ನೋಡಿ ಮಾತು ನಿಲ್ಲಿಸಿದರು. “ನಿಮಗೆ ಗೊತ್ತಿರಲಿಲ್ವಾ?”

ಗೊತ್ತಿರಲಿಲ್ಲ. ಮುನ್ನೂರು ಜನರ ಊರಿನಲ್ಲಿ, ರಸ್ತೆಯ ಆ ಬದಿಯ ಸುದ್ದಿ ಈ ಬದಿಗೆ ಬರುವುದಕ್ಕೆ ಕಾಲೇಜಿನವರು ಬರಬೇಕಾಯಿತು.

ಎರಡು ದಿನ ಅವನಿಂದ ಕೆಲಸವಾಗಲಿಲ್ಲ. ಗುರುವಾರ ಮಧ್ಯಾಹ್ನ ದೊಡ್ಡಕ್ಷರಗಳ ಪೆಟ್ಟಿಗೆಯನ್ನು ಎಳೆದು, ತಳದಿಂದ ಆ ಕಾಗದಗಳನ್ನು ತೆಗೆದ. ಕೈಯ ಮಸಿ ತೊಳೆದುಕೊಂಡು, ಕೋಟು ಹಾಕಿಕೊಂಡು, ರಸ್ತೆಯ ಕೊನೆಯವರೆಗೆ ನಡೆದ.

ಬಾಗಿಲು ತೆರೆದವಳು ಜೆರೆಲ್ಡಾ. ಮೂವತ್ತು ವರ್ಷದವಳು, ಹಣೆಯ ಮೇಲೆ ಆಗಲೇ ಒಂದೆರಡು ನರೆಗೂದಲು. ಅವಳು ಮಾತಾಡದೆ ಪಕ್ಕಕ್ಕೆ ಸರಿದಳು.

ಕೆಟೂರಾ ಮೂರು ದಿಂಬುಗಳಿಗೆ ಒರಗಿದ್ದಳು. ಮುಖ ಬಾಡಿ ಸಣ್ಣದಾಗಿತ್ತು. ಕಣ್ಣು ಮಾತ್ರ ಹಳೆಯದೇ.

“ಯಾರು ಅದು? ಮಸಿ ವಾಸನೆ ಬರ್ತಿದೆ,” ಎಂದಳು.

“ನಾನು ಅಕ್ಕ.”

“ಗೊತ್ತು. ಕೂತ್ಕೋ. ಹದಿನಾರು ವರ್ಷ ನಿಂತಿದೀಯ, ಕಾಲು ನೋಯುತ್ತೆ.”

ಅವನು ಕೂತ. ಟೋಪಿಯನ್ನು ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲಿಟ್ಟುಕೊಂಡ.

“ಊಟ ಆಯ್ತೇನೋ? ಬೀನ್ಸ್ ಇದೆ, ಮೆಕ್ಕೆಜೋಳದ ರೊಟ್ಟಿ ಇದೆ. ಮಜ್ಜಿಗೆ ಹುಳಿ ಬಂದಿರಬೇಕು.”

“ಬೇಡ ಅಕ್ಕ. ಒಂದು ಕಾಗದ ಓದಬೇಕು, ಅದಕ್ಕೆ ಬಂದೆ.”

“ಕೋರ್ಟಿನದಾ?”

“ಅಲ್ಲ. ಸೋದರ ಮರ್ಚಿಸನ್ ಅವರದು.”

ಓದಿದ. ಎರಡು ಸಲ ಸಾಲು ತಪ್ಪಿತು. ಬಾಗಿಲ ಬಳಿ ನಿಂತಿದ್ದ ಜೆರೆಲ್ಡಾ ಏಪ್ರನ್ನಿನ ಅಂಚಿನಿಂದ ಬಾಯಿ ಮುಚ್ಚಿಕೊಂಡಳು. ಓದಿ ಮುಗಿದ ಮೇಲೂ ಕೆಟೂರಾ ಸೂರಿನ ಕಡೆಗೇ ನೋಡುತ್ತಿದ್ದಳು.

“ಇದು ಎಷ್ಟು ದಿನದಿಂದ ನಿನ್ ಹತ್ರ ಇದೆ?”

“ಹದಿಮೂರು ವರ್ಷ.”

“ಹದಿಮೂರು...” ಅವಳು ಉಸಿರು ಎಳೆದುಕೊಂಡಳು. “ನಮ್ಮನೆಯವರು ಹೋದಾಗ ಇದು ನಿನ್ ಹತ್ರ ಇತ್ತು. ಜೆರೆಲ್ಡಾಳ ಮಗೂನ ಮಣ್ಣು ಮಾಡ್ದಾಗ, ಆವಾಗ್ಲೂ ಇತ್ತು.”

“ಇತ್ತು.”

“ಸ್ಮಶಾನದ ಬೇಲಿ ಆಚೆ ನಿಂತು ತಲೆ ಆಡಿಸಿ ಹೋದೆಯಲ್ಲೋ.”

ಅವಳು ಮೆಲ್ಲಗೆ ನಕ್ಕಳು, ಆ ನಗು ಕೆಮ್ಮಾಯಿತು. ಜೆರೆಲ್ಡಾ ನೀರು ಕುಡಿಸಿದಳು.

“ಅಕ್ಷರ ತಲೆಕೆಳಗೆ ಓದಿ ಓದಿ ನೀನು ಎಲ್ಲಾನೂ ತಲೆಕೆಳಗೇ ಮಾಡ್ದೆ ಕಣೋ,” ಎಂದಳು ಕೆಟೂರಾ. ಆಮೇಲೆ ಕೈ ಚಾಚಿದಳು. ಅವನು ಹಿಡಿದುಕೊಂಡ. ಬೆರಳುಗಳೂ ಊದಿದ್ದವು. ಆಮೇಲೆ ಅವಳು ಮಗಳ ಕಡೆಗೆ ತಿರುಗಿದಳು.

“ಜೆರೆಲ್ಡಾ, ಡಬ್ಬಿಯಲ್ಲಿ ಭಾನುವಾರದ ರೊಟ್ಟಿ ಚೂರು ಉಳಿದಿದೆ ನೋಡು. ದ್ರಾಕ್ಷಾರಸ ಒಂದು ಗುಟುಕು ತಾ. ನಿಮ್ಮ ಮಾವನ ಜೊತೆ ಮುರೀತೀನಿ.”

ಜೆರೆಲ್ಡಾ ಹೊರಟಳು. ಜೂಬಲ್‌ನ ಕೈ ಸಡಿಲವಾಯಿತು.

“ಅಕ್ಕ, ಇವತ್ತು ಗುರುವಾರ,” ಎಂದ.

“ಯಾವ ವಾರ ಅಂತ ನನಗೂ ಗೊತ್ತು.”

“ವಾರದ ಮೊದಲನೇ ದಿನ ರೊಟ್ಟಿ ಮುರಿಯೋಕೆ ಶಿಷ್ಯರು ಕೂಡಿ ಬಂದರು ಅಂತಾನೇ ಶಾಸ್ತ್ರದಲ್ಲಿ ಬರೆದಿರೋದು. ಬೇರೆ ದಿನ ಮಾಡಿದ್ದಕ್ಕೆ ಮಾದರಿ ಇಲ್ಲ.”

“ಕರ್ತನು ಮುರಿದಿದ್ದು ಯಾವತ್ತೋ? ಶಿಲುಬೆಗೆ ಹಾಕೋಕೆ ಆತನ್ನ ಹಿಡಿದುಕೊಟ್ಟ ರಾತ್ರಿ ತಾನೆ? ಅದು ಗುರುವಾರ ಅಲ್ವೇನೋ?”

ವರ್ಷಗಟ್ಟಲೆ ಇಂಥ ವಾದಗಳನ್ನೇ ಜೋಡಿಸಿದವನಿಗೆ ಇದನ್ನು ಜೋಡಿಸಿದ ನೆನಪಿರಲಿಲ್ಲ. ಆದರೂ ಗುರುವಾರ ಆ ರೊಟ್ಟಿಯನ್ನು ಬಾಯಿಗಿಡುವುದೆಂದರೆ ಮೈಯೆಲ್ಲ ಹಿಂದೆ ಸರಿಯಿತು.

“ಭಾನುವಾರ ಬರ್ತೀನಿ ಅಕ್ಕ. ಬೆಳಗ್ಗೆ ಇದನ್ನ ನಮ್ಮ ಸಭೆಯಲ್ಲಿ ಎಲ್ಲರ ಮುಂದೆ ಓದ್ತೀನಿ. ಅಲ್ಲಿಂದ ನೇರ ಇಲ್ಲಿಗೇ ಬರ್ತೀನಿ. ಸರಿಯಾಗಿ ಮಾಡೋಣ. ಇಷ್ಟು ವರ್ಷ ತಪ್ಪಾಗಿ ಮಾಡಿದ್ದು ಸಾಕು.”

ಜೆರೆಲ್ಡಾ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಕೆಟೂರಾ ತಮ್ಮನನ್ನೇ ನೋಡಿದಳು. ಅವಳೂ ಅದೇ ಸಭೆಯಲ್ಲಿ ಬೆಳೆದವಳು. ಆರ್ಗನ್ ಒಂದನ್ನು ಬಿಟ್ಟರೆ ಆ ಬದಿಯವರ ನೇಮವೂ ಇದೇ.

“ಆಗಲಿ,” ಎಂದಳು. “ತಗೊಂಡು ಹೋಗಿ ಇಡಮ್ಮ. ಭಾನುವಾರಕ್ಕೆ ಹೊಸದು ಸುಡು. ಇವನಿಗೆ ಅಂಚು ಕರಿದಾದ್ರೆ ಆಗಲ್ಲ, ಚಿಕ್ಕೋನಿದ್ದಾಗ ಉಗೀತಿದ್ದ.”

ಶುಕ್ರವಾರ ಅವನು ಆ ಬರಹವನ್ನು ಮತ್ತೆ ಮೊಳೆಗಳಲ್ಲಿ ಜೋಡಿಸಿ ಅರವತ್ತು ಪ್ರತಿ ಅಚ್ಚು ಹಾಕಿದ. ಸಭೆಯಲ್ಲಿ ಇರುವವರು ಅಷ್ಟೇ. ಶನಿವಾರ ಮಧ್ಯಾಹ್ನ ಮಸಿ ಆರಲೆಂದು ಹಾಳೆಗಳನ್ನು ತಂತಿಯ ಮೇಲೆ ಹಾಕುತ್ತಿದ್ದಾಗ ಲಾಳದವನು ಬಾಗಿಲಲ್ಲಿ ಬಂದು ನಿಂತ. ಟೋಪಿ ಕೈಯಲ್ಲಿತ್ತು.

“ಜೂಬಲಣ್ಣ,” ಎಂದ. ಮೂವತ್ತು ವರ್ಷಗಳಲ್ಲಿ ಅವನು ‘ಅಣ್ಣ’ ಎಂದದ್ದು ಅದೇ ಮೊದಲು. “ನಿಮ್ಮಕ್ಕ ಹೋಗ್ಬಿಟ್ರು. ಈಗ ತಾನೆ. ಹಿಟ್ಟು ಗಟ್ಟಿ ಆಯ್ತು ಅಂತ ಮಗಳಿಗೆ ಹೇಳ್ತಿದ್ರಂತೆ, ಹಾಗೇ ಕಣ್ಣು ಮುಚ್ಚಿದ್ರಂತೆ.”

ಜೂಬಲ್ ಕೈಯಲ್ಲಿದ್ದ ಹಾಳೆಯನ್ನೂ ತಂತಿಗೆ ಹಾಕಿದ.

ಮರುದಿನ ಅವನು ಸಭೆಗೆ ಹೋದದ್ದನ್ನು ನೋಡಿ ಎಲ್ಲರಿಗೂ ಆಶ್ಚರ್ಯವಾಯಿತು. ಹಾಡು ಎತ್ತಲಿಲ್ಲ. ಹಾಡು ಮುಗಿದ ಮೇಲೆ ಹಾಳೆಗಳ ಕಟ್ಟನ್ನು ಎದೆಗೆ ಒತ್ತಿಕೊಂಡು ಮುಂದೆ ಹೋಗಿ ನಿಂತ. ಹಿರಿಯನಾದ ಹಾರ್ಡಿನ್ ಸ್ಕ್ಯಾಗ್ಸ್ ಎದ್ದು ಬಂದ. ಕೆಟ್ಟವನಲ್ಲ; ಕಳೆದ ವರ್ಷ ಜೂಬಲ್ ಜ್ವರದಲ್ಲಿ ಮಲಗಿದಾಗ ಅವನ ಸೌದೆ ಒಡೆದುಕೊಟ್ಟವನು ಅವನೇ.

“ಏನಿದು ಜೂಬಲ್?”

“ಸೋದರ ಮರ್ಚಿಸನ್ ಬರೆದದ್ದು. ಕೊನೆಯದು. ಓದಬೇಕು.”

ಸ್ಕ್ಯಾಗ್ಸ್ ಒಂದು ಪ್ರತಿಯನ್ನು ತೆಗೆದುಕೊಂಡು ಮೇಲಿನ ನಾಲ್ಕಾರು ಸಾಲು ನೋಡಿದ. ಮುಖ ಬಿಗಿಯಿತು. ಹಾಳೆಯನ್ನು ಮಡಿಸಿ ಹಿಂದಕ್ಕೆ ಕೊಟ್ಟ.

“ಮನುಷ್ಯರ ಬರಹ ಈ ಮನೆಯಲ್ಲಿ ಓದೋ ಹಾಗಿಲ್ಲಪ್ಪ,” ಎಂದು ಗೋಡೆಯ ಕಡೆ ತೋರಿಸಿದ. ಅಲ್ಲಿ ಗಾಜಿನ ಚೌಕಟ್ಟಿನಲ್ಲಿ ಆ ನಿಯಮವಿತ್ತು. “ಅದನ್ನ ಅಚ್ಚು ಹಾಕಿದೋನು ನೀನೇ ಅಲ್ವಾ?”

“ನಾನೇ.”

“ನಿನ್ನೆ ತಾನೆ ಅಕ್ಕನ್ನ ಕಳ್ಕೊಂಡಿದೀಯ. ಮನಸ್ಸು ನಿಲ್ಲಲ್ಲ. ಬಾ, ಕೂತ್ಕೋ.”

ಸ್ಕ್ಯಾಗ್ಸ್ ಅವನ ತೋಳು ಹಿಡಿದು ಬೆಂಚಿಗೆ ಕರೆತಂದ. ಜೂಬಲ್ ಕೂತ. ತನ್ನದೇ ಮಾತು, ತನ್ನದೇ ಮೊಳೆ. ಯಾರೊಡನೆ ವಾದ ಮಾಡುವುದು? ರೊಟ್ಟಿಯ ತಟ್ಟೆ ಸಾಲುಗಳಲ್ಲಿ ಕೈಯಿಂದ ಕೈಗೆ ಬಂತು. ಅವನ ಹತ್ತಿರ ಬಂದಾಗ, ಮುಟ್ಟದೆ ಪಕ್ಕದವನಿಗೆ ದಾಟಿಸಿದ.

ಸೋಮವಾರ ಕೆಟೂರಾಳ ಅಂತ್ಯಕ್ರಿಯೆ ಆ ಬದಿಯ ಸಭಾಮನೆಯಲ್ಲಿ ನಡೆಯಿತು. ಜೂಬಲ್ ಒಳಗೆ ಹೋಗಲಾರದೆ ಮೆಟ್ಟಿಲ ಮೇಲೆ ನಿಂತಿದ್ದ. ಒಳಗೆ ಜೆರೆಲ್ಡಾ ಆರ್ಗನ್ನಿನ ಮುಂದೆ ಕೂತಿದ್ದಳು. ತಲೆಯೆತ್ತಿದಾಗ ತೆರೆದ ಬಾಗಿಲಲ್ಲಿ ಸೋದರಮಾವ ಕಂಡ. ಅವಳು ಕೈ ಹಿಂದಕ್ಕೆ ತೆಗೆದುಕೊಂಡು, ಆರ್ಗನ್ನಿನ ಮುಚ್ಚಳ ಹಾಕಿದಳು. ಜನ ಕಾದರು. ಯಾರೂ ಹಾಡು ಎತ್ತಲಿಲ್ಲ.

ಜೂಬಲ್ ಹೊಸ್ತಿಲು ದಾಟಿದ. ಜೇಬಿನಿಂದ ಶ್ರುತಿಕವಲನ್ನು ತೆಗೆದು ಬಾಗಿಲ ಚೌಕಟ್ಟಿಗೆ ತಟ್ಟಿ, ಕಿವಿಗೆ ಹಿಡಿದು, ಮೊದಲ ಸಾಲು ಎತ್ತಿದ. ಎರಡನೆಯ ಸಾಲಿಗೆ ಶ್ರುತಿಕವಲನ್ನು ಜೇಬಿಗಿಟ್ಟ. ಉಳಿದವರು ಹಾಡಿದರು.

ಆ ವಾರವೇ ಅವನು ಮರ್ಚಿಸನ್ನರ ಕೈಬರಹದ ಎರಡು ಹಾಳೆಗಳನ್ನೂ ಒಂದು ಅಚ್ಚಿನ ಪ್ರತಿಯನ್ನೂ ಟಾರ್ವಾಟರ್ ಅವರಿಗೆ ಅಂಚೆಯಲ್ಲಿ ಕಳಿಸಿದ. ಜೊತೆಯಲ್ಲಿ ಒಂದು ಸಾಲು ಬರೆದ: ಇಲ್ಲವೆಂದು ನಾನು ಹೇಳಿದ್ದು ಸುಳ್ಳು. ಉಳಿದ ಪ್ರತಿಗಳನ್ನು ಮನೆಮನೆಗೂ ಕೊಟ್ಟುಬಂದ. ಕೆಲವರು ಓದಿದರು, ಕೆಲವರು ಒಲೆ ಹೊತ್ತಿಸಿದರು. ಯಾರೂ ರಸ್ತೆ ದಾಟಲಿಲ್ಲ.

ಜೂಬಲ್ ಇನ್ನೂ ಎಂಟು ವರ್ಷ ಬದುಕಿದ. ಒಂದು ಭಾನುವಾರವೂ ಸಭೆ ತಪ್ಪಿಸಲಿಲ್ಲ, ಹಾಡು ಎತ್ತುವುದನ್ನೂ ಬಿಡಲಿಲ್ಲ. ಆದರೆ ತಟ್ಟೆ ಬಂದಾಗ ಮುಟ್ಟದೆ ದಾಟಿಸುತ್ತಿದ್ದ. ಒಮ್ಮೆ ಸ್ಕ್ಯಾಗ್ಸ್ ಅವನನ್ನು ಮರದ ಕೆಳಗೆ ಕರೆದು ಕೇಳಿದ.

“ನಮ್ಮ ಮೇಲೆ ಸಿಟ್ಟೇನಯ್ಯ?”

“ನಿಮ್ಮ ಮೇಲೆ ಯಾಕೆ ಸಿಟ್ಟು?”

“ಮತ್ತೆ ಯಾಕೆ ರೊಟ್ಟಿ ತಗೊಳ್ಳಲ್ಲ?”

“ಒಂದು ಸಲ ಕೊಟ್ಟಾಗ ಬೇಡ ಅಂದೆ,” ಎಂದ ಜೂಬಲ್. “ಇವತ್ತು ಗುರುವಾರ ಅಂದೆ.”

ಸ್ಕ್ಯಾಗ್ಸ್‌ಗೆ ಅರ್ಥವಾಗಲಿಲ್ಲ. ಮತ್ತೆ ಕೇಳಲೂ ಇಲ್ಲ.

ಹದಿನೇಳನೆಯ ಇಸವಿಯಲ್ಲಿ ಅವನು ತೀರಿಕೊಂಡಾಗ ಕೋಣೆಯನ್ನು ಖಾಲಿ ಮಾಡಿದವಳು ಜೆರೆಲ್ಡಾ. ಹಾಸಿಗೆಯ ಪಕ್ಕದಲ್ಲಿ ಟಾರ್ವಾಟರ್ ಕಳಿಸಿದ ದಪ್ಪ ಪುಸ್ತಕವಿತ್ತು. ಹಿರಿಯರ ಚಿತ್ರಗಳು, ಚರಿತ್ರೆ, ಕೊನೆಯಲ್ಲಿ ಸಣ್ಣ ಅಕ್ಷರಗಳಲ್ಲಿ ಅವರವರ ಬರಹ. ಮರ್ಚಿಸನ್ನರ ಆ ಎರಡು ಹಾಳೆಯ ಬರಹವೂ ಅಲ್ಲಿತ್ತು. ಆಗಿನ ಪುಸ್ತಕಗಳ ಹಾಳೆಗಳು ಅಂಚಿನಲ್ಲಿ ಕೂಡಿಕೊಂಡೇ ಬರುತ್ತಿದ್ದವು. ಓದುವವರು ಚಾಕುವಿನಿಂದ ಬಿಡಿಸಿಕೊಳ್ಳಬೇಕು. ಜೂಬಲ್‌ನ ಪುಸ್ತಕದಲ್ಲಿ ಒಂದು ಹಾಳೆಯನ್ನೂ ಬಿಡಿಸಿರಲಿಲ್ಲ.